ಮನೆಯ ಪರದೆಯ ಮೇಲೆ ಯುದ್ಧ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಲ್ಲಿ ಥ್ರಿಲ್ಲರ್ ಚಿತ್ರ ಹಾಕಿದರೆ ಮಾತು ಕೇಳಿಸುವುದೇ ಇಲ್ಲ. ಬಾಂಬು ಸಿಡಿದಾಗ ಮಾತ್ರ ಮಲಗಿದ ಮಗು ಎದ್ದು ಕೂರುತ್ತದೆ. ತಪ್ಪು ಟಿ.ವಿ.ಯದೋ, ಚಿತ್ರದ್ದೋ?
– ಓದುಗರು, ಹುಬ್ಬಳ್ಳಿ

ಉತ್ತರ: ಎರಡರ ಪಾಲೂ ಇದೆ. ಚಿತ್ರಮಂದಿರಕ್ಕೆಂದು ಧ್ವನಿಯನ್ನು ಹದಗೊಳಿಸುವಾಗ ಪಿಸುಮಾತಿಗೂ ಸ್ಫೋಟಕ್ಕೂ ನಡುವೆ ಬಹಳ ಅಂತರವನ್ನು ಇಟ್ಟಿರುತ್ತಾರೆ. ಸಂಭಾಷಣೆಯ ಬಹುಪಾಲು ಪರದೆಯ ಹಿಂದಿನ ನಡುವಣ ಸ್ಪೀಕರಿನಿಂದ ಬರುತ್ತದೆ. ಈಗಿನ ತೆಳು ಟಿ.ವಿ.ಗಳಲ್ಲಿ ಆ ನಡುವಣ ಸ್ಪೀಕರ್ ಸಾಮಾನ್ಯವಾಗಿ ಇರುವುದಿಲ್ಲ. ಇರುವ ಚಿಕ್ಕ ಸ್ಪೀಕರುಗಳೂ ಎಷ್ಟೋ ಮಾದರಿಗಳಲ್ಲಿ ಕೆಳಮುಖವಾಗಿರುತ್ತವೆ. ಒಟಿಟಿ ಆ್ಯಪಿನಲ್ಲಿ ಧ್ವನಿಯನ್ನು 5.1ರಿಂದ (ಆರು ಸ್ಪೀಕರುಗಳಿಗೆ ಹಂಚುವ ಬಗೆ) ಸ್ಟೀರಿಯೋಗೆ (ಎರಡೇ ಸ್ಪೀಕರುಗಳ ಬಗೆ) ಬದಲಿಸಿ, ಟಿ.ವಿ.ಯಲ್ಲಿ ಜೋರು ಸದ್ದಿಗೂ ಮೆಲುದನಿಗೂ ಇರುವ ಅಂತರವನ್ನು ತಗ್ಗಿಸುವ ನೈಟ್ ಮೋಡ್ ಇದ್ದರೆ ಅದನ್ನು ಹಾಕಿ ನೋಡಿ. ತೊಂದರೆ ಬಹಳ ಮಟ್ಟಿಗೆ ತಗ್ಗುತ್ತದೆ.

ಆಮೇಲೂ ಉಳಿಯುವ ತೊಂದರೆಗೆ ನಿರ್ದೇಶಕರೇ ಹೊಣೆ. ಸದ್ದು ಇಳಿಸಿದೊಡನೆ ಭಯವೂ ಇಳಿದುಹೋಗುವುದಾದರೆ ಅಂಥ ಚಿತ್ರವನ್ನು ನಾನು ಥ್ರಿಲ್ಲರ್ ಎಂದು ಒಪ್ಪುವುದಿಲ್ಲ. ಹಿಚ್‌ಕಾಕ್ 1959ರಲ್ಲಿ ಮಾಡಿದ 'ನಾರ್ತ್ ಬೈ ನಾರ್ತ್‌ವೆಸ್ಟ್' ಚಿತ್ರದಲ್ಲಿ ನಾಯಕ ಬಟ್ಟಬಯಲಿನ ನಡುವೆ ಬಸ್ಸಿನಿಂದ ಇಳಿದು ಯಾರಿಗೋ ಕಾಯುತ್ತಾನೆ. ಒಂದೊಂದಾಗಿ ವಾಹನಗಳು ಬಂದು ಹೋಗುತ್ತವೆ. ಎದುರು ಬದಿಯಲ್ಲಿ ಬಸ್ಸಿಗಾಗಿ ನಿಂತ ಅಪರಿಚಿತನೊಬ್ಬ, ದೂರದ ವಿಮಾನವನ್ನು ನೋಡಿ, ಬೆಳೆಯೇ ಇಲ್ಲದ ಕಡೆ ಅದು ಔಷಧಿ ಸಿಂಪಡಿಸುತ್ತಿದೆಯಲ್ಲ ಎಂದು ಸಹಜವಾಗಿ ಹೇಳಿ ಬಸ್ಸು ಹತ್ತಿ ಹೋಗಿಬಿಡುತ್ತಾನೆ. ಆ ವಿಮಾನ ನಾಯಕನನ್ನು ಅಟ್ಟಿಸಿಕೊಂಡು ಬರುವಾಗಲೂ, ಕೊನೆಯ ಸ್ಫೋಟದವರೆಗೆ, ಹಿನ್ನೆಲೆ ಸಂಗೀತವೇ ಇಲ್ಲ. ಎಷ್ಟು ಚಿಕ್ಕ ಪರದೆಯಲ್ಲಿ, ಎಷ್ಟು ಮೆಲುದನಿಯಲ್ಲಿ ಹಾಕಿದರೂ ಈ ದೃಶ್ಯ ಬಿಗಿ ಕಳೆದುಕೊಳ್ಳುವುದಿಲ್ಲ. ನಮ್ಮಲ್ಲಿ ಸುನೀಲ್ ಕುಮಾರ್ ದೇಸಾಯಿಯವರು 1989ರಲ್ಲೇ ಹಾಡುಗಳಿಲ್ಲದೆ 'ತರ್ಕ'ವನ್ನು ಕಟ್ಟಿ ತೋರಿಸಿದ್ದರು. ಆ ಧೈರ್ಯವನ್ನು ಮುಂದುವರಿಸುವ ಬದಲು ನಮ್ಮವರು ಡ್ರಮ್ಮುಗಳ ಸಂಖ್ಯೆಯನ್ನು ಹೆಚ್ಚಿಸುತ್ತ ಹೋದರು ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಪ್ರಶ್ನೆ: 'ಬಾರ್ಡರ್' ಚಿತ್ರವನ್ನು ಪ್ರತಿ ಆಗಸ್ಟ್ 15ರಂದು ಮನೆಮಂದಿಯೆಲ್ಲ ಕೂತು ನೋಡುತ್ತೇವೆ. ಅದು ಸೈನಿಕರಿಗೆ ನ್ಯಾಯ ಒದಗಿಸಿಲ್ಲ ಎಂದು ನೀವು ಹಿಂದೊಮ್ಮೆ ಬರೆದಿದ್ದಿರಿ. ಅಂಥ ಚಿತ್ರವನ್ನು ಟೀಕಿಸುವುದು ಸೈನಿಕರಿಗೇ ಅವಮಾನ ಮಾಡಿದಂತಲ್ಲವೇ?
– ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ನಿಮ್ಮ ಗೌರವಭಾವನೆ ನನ್ನಲ್ಲೂ ಇದೆ. ಆದ್ದರಿಂದಲೇ ಆ ಮಾತನ್ನು ಬರೆದೆ, ಈಗಲೂ ಅದಕ್ಕೆ ಬದ್ಧನಾಗಿದ್ದೇನೆ.

1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೇವಾಲಾ ಠಾಣೆಯಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿಯವರ ಜತೆ ಇದ್ದವರು ಪಂಜಾಬ್ ರೆಜಿಮೆಂಟಿನ 23ನೇ ಬೆಟಾಲಿಯನ್ನಿನ ಸುಮಾರು 120 ಯೋಧರು. ಎದುರಿಗೆ ಬಂದದ್ದು ಪಾಕಿಸ್ತಾನದ 40ಕ್ಕೂ ಹೆಚ್ಚು ಟ್ಯಾಂಕುಗಳು. ಜೈಸಲ್ಮೇರಿನಲ್ಲಿದ್ದ ವಾಯುಪಡೆಯ ಹಂಟರ್ ವಿಮಾನಗಳು ರಾತ್ರಿಯ ದಾಳಿಗೆ ಸಜ್ಜಾಗಿರಲಿಲ್ಲ. ಬೆಳಕು ಹರಿಯುವ ತನಕ ಠಾಣೆಯನ್ನು ಹೇಗಾದರೂ ಉಳಿಸಿಕೊಳ್ಳಬೇಕಿತ್ತು. ಠಾಣೆಯ ಸುತ್ತಲಿನ ಮುಳ್ಳುತಂತಿಯನ್ನು ಕಂಡು ಶತ್ರುಗಳು ಅಲ್ಲಿ ನೆಲಬಾಂಬುಗಳ ಹಾಸು ಇದೆಯೆಂದು ಭಾವಿಸಿ ತಡೆದು ನಿಂತರು. ಹೀಗೆ ಅವರು ಕಳೆದುಕೊಂಡ ಒಂದೊಂದು ಗಂಟೆಯೂ ನಮ್ಮವರನ್ನು ಸೂರ್ಯೋದಯದ ಹತ್ತಿರಕ್ಕೆ ಒಯ್ದಿತು. ಬೆಳಗಾದ ಮೇಲೆ ಬಂದ ಹಂಟರುಗಳಿಗೆ ಆ ಬಯಲು ಮರಳಿನಲ್ಲಿ ಟ್ಯಾಂಕುಗಳು ಒಂದೊಂದಾಗಿ ಸಿಕ್ಕಿಬಿದ್ದವು. ನಮ್ಮ ಕಡೆ ಮಡಿದವರು ಇಬ್ಬರು ಮಾತ್ರ.

ಇಷ್ಟು ಬಿಗಿಯಾದ ಕತೆಯನ್ನು ಯಾವ ಚಿತ್ರಕಥೆಗಾರನೂ ಕುಳಿತು ಹೆಣೆಯಲಾರ. ಜೆ.ಪಿ. ದತ್ತಾ ಅವರ 1997ರ ಚಿತ್ರದಲ್ಲಿ ವಿಮಾನಗಳು ಬೆಳಕಿಗಾಗಿ ಕಾಯುವ ಸಂಗತಿ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಆ ಕಾಯುವಿಕೆಯನ್ನು ನಂಬುವ ತಾಳ್ಮೆ ಅವರಿಗೆ ಇರಲಿಲ್ಲ. ಅದರ ಮೇಲೆ ಘೋಷಣೆಗಳನ್ನೂ, ಒಂದರ ಹಿಂದೊಂದು ಬಲಿದಾನಗಳನ್ನೂ ಹೇರಿದರು. ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ರಾಠೋಡ್ ಅವರನ್ನೇ ನೋಡಿ. ಪರದೆಯ ಮೇಲೆ ಸುನೀಲ್ ಶೆಟ್ಟಿ ನಿರ್ವಹಿಸಿದ ಆ ಪಾತ್ರ ಟ್ಯಾಂಕಿಗೆ ಎದುರಾಗಿ ಪ್ರಾಣ ಕೊಡುತ್ತದೆ. ನಿಜವಾದ ಭೈರೋನ್ ಸಿಂಗ್ ಆ ರಾತ್ರಿ ಹೋರಾಡಿ, ಬದುಕಿ ಬಂದು, ಸೇನಾ ಪದಕ ಪಡೆದು, 2022ರ ಡಿಸೆಂಬರಿನಲ್ಲಿ ಜೋಧಪುರದಲ್ಲಿ ತೀರಿಕೊಂಡರು. ಬದುಕಿದ್ದ ವೀರನನ್ನು, ಪ್ರೇಕ್ಷಕರು ಅಳಲೆಂದು, ಪರದೆಯ ಮೇಲೆ ಕೊಂದದ್ದನ್ನು ನಾನು ಗೌರವವೆಂದು ಹೇಗೆ ಕರೆಯಲಿ? ಬದುಕಿ ಬರುವುದೂ ಶೌರ್ಯವೇ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಇರಲಿಲ್ಲ. ಚಿತ್ರವನ್ನು ನೀವು ಧಾರಾಳವಾಗಿ ನೋಡಿ. ಮುಗಿದ ಮೇಲೆ ಈ ಸಂಗತಿಯನ್ನು ಮೊಮ್ಮಕ್ಕಳಿಗೆ ಹೇಳಿ ಎಂಬುದಷ್ಟೇ ನನ್ನ ಕೋರಿಕೆ.

ಪ್ರಶ್ನೆ: ಹೊಸ ಟಿ.ವಿ.ಯಲ್ಲಿ 'ಸೇವಿಂಗ್ ಪ್ರೈವೇಟ್ ರಯಾನ್' ಧಾರಾವಾಹಿಯಂತೆ ಕಾಣುತ್ತದೆ. ಏಕೆ?
– ಓದುಗರು, ಮೈಸೂರು

ಉತ್ತರ: ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ತೆಗೆದ ಚಿತ್ರದ ನಡುನಡುವೆ ನಿಮ್ಮ ಟಿ.ವಿ. ತಾನೇ ಹೊಸ ಚೌಕಟ್ಟುಗಳನ್ನು ತುಂಬಿ ಚಲನೆಯನ್ನು ನುಣುಪು ಮಾಡುತ್ತಿದೆ. ಛಾಯಾಗ್ರಾಹಕ ಯಾನುಷ್ ಕಮಿನ್‌ಸ್ಕಿ ಯೋಧರು ಫ್ರಾನ್ಸಿನ ಒಮಾಹಾ ದಡಕ್ಕೆ ಇಳಿಯುವ ದೃಶ್ಯಗಳಲ್ಲಿ ಷಟರನ್ನು, ಅಂದರೆ ಒಂದೊಂದು ಚೌಕಟ್ಟಿಗೂ ಬೆಳಕು ಬೀಳುವ ಅವಧಿಯನ್ನು, ಉದ್ದೇಶಪೂರ್ವಕವಾಗಿ ಕಿರಿದಾಗಿಸಿದ್ದರು. ಸಿಡಿದ ಮರಳಿನ ಕಣಗಳು ಬಿಡಿಬಿಡಿಯಾಗಿ ಕಾಣುವುದು, ಓಡುವ ಯೋಧರು ತಡೆತಡೆದು ಚಲಿಸುವಂತೆ ತೋರುವುದು ಅದರಿಂದಲೇ. ನಿಮ್ಮ ಟಿ.ವಿ. ಆ ಒರಟುತನವನ್ನೇ ಅಳಿಸಿಹಾಕುತ್ತಿದೆ. ಸೆಟ್ಟಿಂಗ್ಸಿನಲ್ಲಿ ಮೋಷನ್ ಸ್ಮೂತಿಂಗ್ ಅಥವಾ ಅಂಥದೇ ಹೆಸರಿನ ಸೌಲಭ್ಯವನ್ನು ಆಫ್ ಮಾಡಿ.

ಇನ್ನೊಂದು ಮಾತು. ಆ ದಡದ ದೃಶ್ಯ ಯುದ್ಧಚಿತ್ರಗಳಲ್ಲೇ ಶ್ರೇಷ್ಠವಾದುದು. ಆದರೆ ಮೊದಲಲ್ಲೂ ಕೊನೆಯಲ್ಲೂ ಬರುವ ಸ್ಮಶಾನದ ಪ್ರಸಂಗ ಕಣ್ಣೀರನ್ನು ಒತ್ತಾಯದಿಂದ ವಸೂಲು ಮಾಡುತ್ತದೆ. ಅದನ್ನು ಕತ್ತರಿಸಿದ್ದರೆ ಚಿತ್ರಕ್ಕೆ ಏನೂ ನಷ್ಟವಾಗುತ್ತಿರಲಿಲ್ಲ.

ಪ್ರಶ್ನೆ: 'ಡನ್‌ಕರ್ಕ್' ಚಿತ್ರವನ್ನು ಅರ್ಧಕ್ಕೇ ನಿಲ್ಲಿಸಿದೆವು. ನಮ್ಮ ಅಭಿರುಚಿಯೇ ಸರಿ ಇಲ್ಲವೇ?
– ದಂಪತಿ, ಶಿವಮೊಗ್ಗ

ಉತ್ತರ: ಖಂಡಿತ ಹಾಗೇನಿಲ್ಲ. ಜರ್ಮನ್ನರು ಸುತ್ತುವರಿದ ಮಿತ್ರಪಡೆಗಳು 1940ರಲ್ಲಿ ಫ್ರಾನ್ಸಿನ ಡನ್‌ಕರ್ಕ್ ದಡದಿಂದ ಪಾರಾದ ಕತೆ ಅದು. ಕ್ರಿಸ್ಟೋಫರ್ ನೋಲನ್ 2017ರಲ್ಲಿ ಅದನ್ನು ಬಹುಪಾಲು ಐಮ್ಯಾಕ್ಸ್ ಕ್ಯಾಮೆರಾಗಳಲ್ಲಿ ತೆಗೆದರು. ಆಕಾಶವೂ ಸಮುದ್ರವೂ ಕಣ್ಣು ತುಂಬುವಷ್ಟು ದೊಡ್ಡದಾಗಿದ್ದಾಗ ಮಾತ್ರ ಅದರ ಶಕ್ತಿ ತಿಳಿಯುತ್ತದೆ. ಮನೆಯಲ್ಲಿ ಉಳಿಯುವುದು ಏರುತ್ತಲೇ ಇರುವಂತೆ ಭ್ರಮೆ ಹುಟ್ಟಿಸುವ ಆ ಸಂಗೀತ. ಅದು ಬೇಗ ದಣಿಸುತ್ತದೆ. 1940ರಲ್ಲಿ ಭಾರತೀಯ ಸೇನೆಯ, ಸಾಮಾನು ಸಾಗಿಸುವ ಹೇಸರಗತ್ತೆಗಳ ನಾಲ್ಕು ತುಕಡಿಗಳು ಫ್ರಾನ್ಸಿನಲ್ಲಿದ್ದವು. ಅವುಗಳ ಯೋಧರಲ್ಲಿ ಹಲವರು ಅದೇ ದಡದಿಂದ ಪಾರಾದರು, ಒಂದು ತುಕಡಿ ಜರ್ಮನ್ನರ ಸೆರೆಯಾಯಿತು. ಅಷ್ಟು ದೊಡ್ಡ ಪರದೆಯಲ್ಲಿ ಅವರಿಗೆ ಒಂದು ಮೂಲೆಯೂ ಸಿಗಲಿಲ್ಲ ಎಂಬ ದೂರು ನನ್ನದೂ ಹೌದು.

ಪ್ರಶ್ನೆ: ಹಾಗಿದ್ದರೆ ಮನೆಯಲ್ಲೇ ನೋಡತಕ್ಕ ಯುದ್ಧಚಿತ್ರ ಯಾವುದು?
– ವಿದ್ಯಾರ್ಥಿನಿ, ಮಂಗಳೂರು

ಉತ್ತರ: ವೋಲ್ಫ್‌ಗಾಂಗ್ ಪೀಟರ್‌ಸನ್ 1981ರಲ್ಲಿ ಮಾಡಿದ ಜರ್ಮನ್ ಚಿತ್ರ 'ದಾಸ್ ಬೋಟ್'. ಕತೆಯೆಲ್ಲ ಹೆಚ್ಚುಕಡಿಮೆ ಒಂದು ಜಲಾಂತರ್ಗಾಮಿಯ ಒಳಗೇ ನಡೆಯುವುದರಿಂದ ಇಕ್ಕಟ್ಟಾದ ಕೋಣೆಯೂ ಚಿಕ್ಕ ಪರದೆಯೂ ಅದಕ್ಕೆ ಒದಗಿ ಬರುತ್ತವೆ. ತಲೆಯ ಮೇಲೆ ಶತ್ರುವಿನ ಹಡಗು ಸುಳಿದಾಡುವಾಗ ಎಲ್ಲರೂ ಉಸಿರು ಹಿಡಿದು ನಿಲ್ಲುತ್ತಾರೆ. ನೀರಿನೊಳಗೆ ಅಡಗಿದವರನ್ನು ಸದ್ದಿನಿಂದ ಹುಡುಕುವ ಸೋನಾರ್ ಉಪಕರಣದ, ಹೊರಗಿನಿಂದ ಬಂದು ಬಡಿಯುವ ಸದ್ದೊಂದೇ ಕೇಳುತ್ತದೆ. ಎಷ್ಟೋ ಸಮುದ್ರಯಾನಗಳನ್ನು ಕಂಡ ಯಂತ್ರಗಾರನೇ ಒಂದು ಹಂತದಲ್ಲಿ ಧೈರ್ಯಗೆಟ್ಟು ತನ್ನ ಯಂತ್ರವನ್ನು ಬಿಟ್ಟು ಬಂದುಬಿಡುತ್ತಾನೆ, ಕಪ್ತಾನ ಪಿಸ್ತೂಲು ತರಲು ಹೋಗುತ್ತಾನೆ. ಅಲ್ಲಿ ಬೈಗುಳವೂ ಭಾಷಣವೂ ಇಲ್ಲ, ಆ ಮನುಷ್ಯನ ಕಣ್ಣುಗಳಷ್ಟೇ ಸಾಕಾಗುತ್ತವೆ.

ಹಿಟ್ಲರನ ನಾವಿಕರಿಗಾಗಿ ಮರುಗುವುದು ಸರಿಯೇ ಎಂದು ನೀವು ಕೇಳಬಹುದು. ಆ ಜಲಾಂತರ್ಗಾಮಿಗಳಲ್ಲಿ ಹೋದ 40,000 ಮಂದಿಯಲ್ಲಿ 30,000 ಮಂದಿ ಮರಳಲಿಲ್ಲ ಎಂದು ಚಿತ್ರ ಆರಂಭದಲ್ಲೇ ತಿಳಿಸುತ್ತದೆ. ಅವರು ಹೋರಾಡಿದ ಉದ್ದೇಶವನ್ನು ಚಿತ್ರ ಎಲ್ಲೂ ಹೊಗಳುವುದಿಲ್ಲ. ಎದುರಾಳಿಯ ಭಯವನ್ನು ಒಮ್ಮೆಯಾದರೂ ಅರಿಯುವ ಧೈರ್ಯ ನಮ್ಮ ಯುದ್ಧಚಿತ್ರಗಳಿಗೂ ಬರಲಿ ಎಂದು ಹಾರೈಸುತ್ತೇನೆ. ಸಿಕ್ಕರೆ 1997ರಲ್ಲಿ ಬಿಡುಗಡೆಯಾದ, ಸುಮಾರು ಮೂರೂವರೆ ಗಂಟೆಯ ನಿರ್ದೇಶಕರ ಆವೃತ್ತಿಯನ್ನೇ ನೋಡಿ. ಇಂಗ್ಲಿಷ್ ಡಬ್ಬಿಂಗ್ ಬೇಡ. ಜರ್ಮನ್ ಧ್ವನಿಯನ್ನೇ ಇಟ್ಟುಕೊಂಡು ಸಬ್‌ಟೈಟಲ್ ಹಾಕಿಕೊಳ್ಳಿ.