ಅಕ್ಕಾರಿಗೊಂದು ಪ್ರಶ್ನೆ (2024ರ ಲೋಕಸಭಾ ಚುನಾವಣೆ ಹೊತ್ತಿನ ಪತ್ರಗಳು): ಯಾರಿಗೆ ಒತ್ತಿದೆ ಅಂತ ಮನಿಯವ್ರಿಗೆ ಗೊತ್ತಾಗ್ತೈತೇನ್ರೀ?

ಪ್ರಶ್ನೆ: ಅಕ್ಕಾರ ನಮಸ್ಕಾರ್ರೀ. ನಮ್ದು ಸಿಂಧನೂರು ತಾಲೂಕು, ಜಿಲ್ಲಾ ರಾಯಚೂರಾದ್ರೂ ಎಂಪಿ ಓಟು ಕೊಪ್ಪಳಕ್ಕ. ಮೇ 7ಕ್ಕ ಓಟೈತಲ್ರೀ, ಪ್ರಚಾರಕ್ಕ ಬಂದವ್ರು ಕಟ್ಟಿಮ್ಯಾಗ ಕುಂತ ಗಂಡಸರ ಜೋಡಿ ಚಾ ಕುಡಿದು ಮಾತಾಡಿ ಹೋಗ್ತಾರ, ನಮ್ಗ ಒಂದು ಪಾಂಪ್ಲೆಟ್ ಕೊಟ್ಟು ಮನಿಯವ್ರಿಗೆ ಹೇಳೀವಿ ನೋಡವ್ವಾ ಅಂತಾರ. ಸಸಿ ಹಚ್ಚಾಕ ಹೋದ್ರ ನಮ್ಗೊಂದು ಕೂಲಿ ಗಂಡಾಳಿಗೊಂದು ಕೂಲಿ, ಇದನ್ನ ಕೇಳೋಣು ಅಂದ್ರ ನಮ್ಮನಿಯವ್ರು ನಿಂಗ್ಯಾಕ ರಾಜಕೀಯ, ನಾ ಹೇಳಿದ ಗುರ್ತಿಗೆ ಒತ್ತು, ಬ್ಯಾರೆ ಒತ್ತಿದ್ರ ಬೂತಿನಾಗ ಕುಂತ ಪಕ್ಷದ ಏಜೆಂಟ್‌ಗೆ ಗೊತ್ತಾಗ್ತೈತಿ ಅಂತ ಹೆದರಸ್ತಾರ. ಖರೇನೇನ್ರೀ?

ಉತ್ತರ: ಸುಳ್ಳು ತಂಗಿ. ಒಳಗ ನಿನ್ನ ಹೆಸರು ಕೂಗ್ತಾರ, ರಿಜಿಸ್ಟರಿನಾಗ ಸಹಿನೋ ಹೆಬ್ಬೆಟ್ಟೋ ತಗೋತಾರ, ಬೆರಳಿಗೆ ಶಾಯಿ ಹಚ್ತಾರ, ಏಜೆಂಟ್‌ಗೆ ಕಾಣೋದು ಅಷ್ಟ, ಅಂದ್ರ ನೀ ಬಂದಿದ್ದಿ ಅನ್ನೋದು. ಮಷಿನ್ ಇರೋದು ರಟ್ಟಿನ ಮರಿಯಾಗ. ಒತ್ತಿದ ಮ್ಯಾಲೆ ಬಾಜೂಕ ವಿವಿಪ್ಯಾಟ್ ಡಬ್ಬಿ ಗಾಜಿನಾಗ ಚೀಟಿ 7 ಸೆಕೆಂಡ್ ಕಾಣಿಸಿ ಒಳಗ ಬೀಳ್ತೈತಿ, ಅದ್ರಾಗ ಅಭ್ಯರ್ಥಿ ಹೆಸರು ಗುರ್ತು ಇರ್ತೈತಿ, ನಿನ್ನ ಹೆಸರಿರಂಗಿಲ್ಲ. ಬೂತಿನ ಲೆಕ್ಕ ಆಮ್ಯಾಲೆ ಹೊರಗ ಬರ್ತೈತಿ ಖರೆ, ಮಂದಿ ಲೆಕ್ಕ ಬರಂಗಿಲ್ಲ. ಮನಿಯಾಗ ಹೂಂ ಅಂದು ಒಳಗ ನಿನ್ನ ಮನಸಿಗೆ ಬಂದಿದ್ದು ಒತ್ತು, ಇದು ಮೋಸ ಅಂತ ಅನ್ನವ್ರು ಅನ್ಲಿ, ನಾ ಅನ್ನಂಗಿಲ್ಲ.

ಮನಿಯವ್ರಿಗೆ ಹೇಳೀವಿ ಅನ್ನೋ ಮಾತು ಓದಿ ಒಂದು ನೆನಪಾತು. ದೇಶದ ಮೊದಲನೇ ಚುನಾವಣೆಯಾಗ, 1951-52ರಾಗ, ಸುಮಾರು 28 ಲಕ್ಷ ಹೆಣ್ಮಕ್ಳು ಪಟ್ಟಿಯಿಂದ ಹೊರಗುಳಿದ್ರು, ಯಾಕಂದ್ರ ತಮ್ಮ ಹೆಸರು ಹೇಳದ ಇಂಥವನ ಹೆಂಡ್ತಿ, ಇಂಥವನ ತಾಯಿ ಅಂತ ಬರಸಿದ್ರು. ಇದು ಬಹಳ ಮಾಡಿ ಉತ್ತರದ ರಾಜ್ಯಗಳ ಸುದ್ದಿ, ಆಗಿನ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಂಗ ಬರಕೊಳ್ಳಾಕ ಒಪ್ಪಲಿಲ್ಲ. ಈಗ ಪಟ್ಟಿಯಾಗ ನಿನ್ನ ಹೆಸರೈತಿ, ಕಟ್ಟಿಮ್ಯಾಗಿನ ಮಾತಿನಾಗ ಮಾತ್ರ ನೀ ಇನ್ನೂ ಅವರ ಹೆಂಡ್ತಿನ.

ಕೂಲಿ ವಿಷಯ ಕೇಳ್ರಿ, ಒಬ್ಬಾಕಿ ಅಲ್ಲ, ಸಂಘದವ್ರೆಲ್ಲಾ ಕೂಡಿ. ಕೂಲಿಗೂ ಎಂಪಿಗೂ ಏನ್ ಸಂಬಂಧ ಅಂತಾರ ನೋಡು, ಒಂದ ಕೆಲಸಕ್ಕ ಗಂಡಿಗೂ ಹೆಣ್ಣಿಗೂ ಒಂದ ಸಂಬಳ ಅನ್ನೋ ಕಾಯ್ದೆ 1976ರಾಗ ಮಾಡಿದ್ದು ಪಾರ್ಲಿಮೆಂಟೇ. ಉದ್ಯೋಗ ಖಾತ್ರಿ ಕೆಲಸದಾಗ ಇಬ್ಬರಿಗೂ ಒಂದ ರೇಟು ಕೊಡಾಕ ಬರ್ತೈತಿ, ಭತ್ತದ ಗದ್ದ್ಯಾಗ ಯಾಕ ಬರಂಗಿಲ್ಲ? ಗೃಹಲಕ್ಷ್ಮಿ ಎರಡು ಸಾವಿರ ಕೊಡಾಕ್ಹತ್ತೀವಲ್ಲ ಅಂದ್ರ, ಅದು ಬ್ಯಾರೆ ಇದು ಬ್ಯಾರೆ ಅನ್ರಿ. ಮೇ 5ರ ಸಂಜಿಗೆ ಪ್ರಚಾರ ಬಂದ್, ಅಷ್ಟರೊಳಗ ಕೇಳ್ರಿ.

ಪ್ರಶ್ನೆ: ಹೆಣ್ಮಕ್ಳಿಗೆ 33% ಮೀಸಲಾತಿ ಬಂತು ಅಂದ್ರು, ಈ ಸಲ ಯಾಕ ಇಲ್ಲ? (ಬಳ್ಳಾರಿ ಓದುಗಿ)

ಉತ್ತರ: 2023ರ ಸೆಪ್ಟೆಂಬರಿನಾಗ ಪಾಸಾತು, ಆದ್ರ ಜನಗಣತಿ ಆಗಿ ಕ್ಷೇತ್ರ ಮರುವಿಂಗಡಣೆ ಆದ ಮ್ಯಾಲ ಜಾರಿ ಅಂತ ಅದ್ರಾಗ ಬರದಾರ. ಊಟಕ್ಕ ಕರದು ಒಲಿ ಹಚ್ಚದ ಕುಂದ್ರಿಸಿದಂಗ. 2019ರಾಗ ಲೋಕಸಭೆಯ 543 ಸೀಟಿಗೆ ಗೆದ್ದ ಹೆಣ್ಮಕ್ಳು 78. ನಿಮ್ಮ ಬಳ್ಳಾರಿಯಾಗ 1999ರಾಗ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಎದುರಾಬದುರಾ ನಿಂತಾಗ ದೇಶಾನ ಇತ್ತ ನೋಡ್ತು, ಸುಷ್ಮಾ ಕನ್ನಡಾನೂ ಕಲ್ತು ಭಾಷಣ ಮಾಡಿದ್ರು, ಗೆದ್ದ ಸೋನಿಯಾ ಅಮೇಠಿ ಇಟಗೊಂಡು ಬಳ್ಳಾರಿ ಬಿಟ್ರು. ಹಂಗಾಗಿ ಹೆಣ್ಮಗಳು ನಿಂತ್ರ ಸಾಕು ಅಂತ ನಾ ಅನ್ನಂಗಿಲ್ಲ, ನಿಲ್ಲದಿದ್ರೂ ಪರವಾಗಿಲ್ಲ ಅಂತೂ ಅನ್ನಂಗಿಲ್ಲ.

ಪ್ರಶ್ನೆ: ನಮ್ಮತ್ತಿಗೆ ಕಣ್ಣು ಕಾಣಂಗಿಲ್ಲ. ಪ್ರತಿ ಸಲ ಓಣಿ ಹುಡುಗ ಒಬ್ಬಾತ ಕರಕೊಂಡು ಹೋಗಿ ಒತ್ತಿ ಬರ್ತಾನ. ನಾ ಹೋಗಬಹುದಾ? (ಕುಷ್ಟಗಿ ಓದುಗಿ)

ಉತ್ತರ: ಧಾರಾಳ ಹೋಗು, ನಿನಗ 18 ತುಂಬಿದ್ರ ಸಾಕು. ಆದ್ರ ಒತ್ತೋದು ಅತ್ತಿ ಹೇಳಿದ್ದಕ್ಕ, ನಿನ್ನ ಮನಸಿಗೆ ಬಂದಿದ್ದಕ್ಕಲ್ಲ, ಹೊರಗ ಬಂದು ಯಾರಿಗೂ ಹೇಳಂಗಿಲ್ಲ ಅಂತ ಬರಕೊಡಬೇಕಾಗ್ತೈತಿ. ಒಬ್ಬರು ಒಂದು ದಿನಕ್ಕ ಒಬ್ಬರ ಜೋಡಿ ಅಷ್ಟ ಹೋಗಬೇಕು. ಆ ಹುಡುಗ ಓಣಿ ಮುದುಕೇರನ್ನೆಲ್ಲಾ ಸಾಲಾಗಿ ಕರಕೊಂಡು ಬಂದ್ರ ಅಲ್ಲೇ ಅಧಿಕಾರಿಗೆ ಹೇಳು, ಇಲ್ಲಾ ಚುನಾವಣಾ ಸಹಾಯವಾಣಿ 1950ಕ್ಕ ಫೋನ್ ಹಚ್ಚು.