ಹೊಸ ಲೇತ್‌ನಲ್ಲಿ ಮೊದಲು ಏನನ್ನು ಕಡೆಯಬೇಕು?

ಮರವನ್ನು ತಿರುಗಿಸಿ ಉಳಿಯಿಂದ ಕಡೆಯುವ ಯಂತ್ರವಾದ ಲೇತ್ ಅನ್ನು ಹೊಸದಾಗಿ ಕೊಂಡಿರುವ ತಾವು ಬಟ್ಟಲಿನಿಂದಲೇ ಆರಂಭಿಸಬಹುದೇ ಎಂದು ಕೇಳಿದ್ದೀರಿ. ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಟ್ಟಲು ಕಡೆಯುವಾಗ ಮರದ ಪ್ರತಿ ಸುತ್ತಿನಲ್ಲೂ ಎರಡು ಬಾರಿ ಮರದ ಎಳೆಗಳ ತುದಿ ಉಳಿಗೆ ಎದುರಾಗುವುದರಿಂದ, ಕೈ ಪಳಗದವರ ಉಳಿ ಸಿಕ್ಕಿಕೊಂಡು ಮರವೇ ಕಿತ್ತು ಹಾರುವ ಅಪಾಯವಿದೆ.

ಮೊದಲು ಎರಡು ಅಂಗುಲ ದಪ್ಪದ, ಬಿರುಕಿಲ್ಲದ ತುಂಡನ್ನು ಲೇತ್‌ನ ಎರಡು ಮೊನೆಗಳ ನಡುವೆ ಬಿಗಿದು, ಉಳಿಯನ್ನು ಊರಿ ಹಿಡಿಯುವ ಆನಿಕೆಗೆ ತಾಗದಂತೆ ಒಮ್ಮೆ ಕೈಯಿಂದಲೇ ತಿರುಗಿಸಿ ನೋಡಿ, ಕಡಿಮೆ ವೇಗದಲ್ಲಿ ದುಂಡಗೆ ಕಡೆಯಿರಿ. ಉಳಿಯ ಅಲಗಿನ ಹಿಂದಿನ ಇಳಿಜಾರನ್ನು ಮರಕ್ಕೆ ತಾಗಿಸಿಕೊಂಡು ಹಿಡಿಯನ್ನು ಮೆಲ್ಲಗೆ ಎತ್ತಿದಾಗ, ಪುಡಿಯ ಬದಲು ಉದ್ದನೆಯ ಸುರುಳಿಗಳು ಬಂದರೆ ಕೋನ ಸರಿಯಾಗಿದೆ ಎಂದರ್ಥ. ಮುಖಕವಚವಿಲ್ಲದೆ ಯಂತ್ರ ಚಾಲೂ ಮಾಡಲೇಬೇಡಿ.

ಆಮೇಲೆ ಲಟ್ಟಣಿಗೆ, ಉಳಿಯ ಹಿಡಿ, ಬುಗುರಿ. ಬುಗುರಿಗೆ ಚನ್ನಪಟ್ಟಣದ ಕುಶಲಕರ್ಮಿಗಳು ಬಳಸುವ ಆಲೆ ಮರ ಸಿಕ್ಕರೆ ಬಹಳ ಒಳ್ಳೆಯದು. ಅದು ಮೃದು, ಎಳೆಯೂ ನಯ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಘರ್ಷಣೆಯ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ, ಮೇಲೆ ತಾಳೆಗರಿಯಿಂದ ಒತ್ತಿ ಉಜ್ಜಿದಾಗ ಹೊಳಪು ಏಳುತ್ತದೆ. ಬಟ್ಟಲನ್ನು ಆ ಬಳಿಕ, ಮರವನ್ನು ಒಂದೇ ಕಡೆಯಿಂದ ಬಿಗಿಹಿಡಿಯುವ ಚಕ್ ಕೊಂಡ ಮೇಲೆ ಕೈಗೆತ್ತಿಕೊಳ್ಳಿ.