ಅಜ್ಜನ ಪೈಪಿಗೆ ಬಿಸಿನೀರ ಸ್ನಾನ ಬೇಡ

ಪ್ರಶ್ನೆ: ಹಳೇ ಟ್ರಂಕಿನಲ್ಲಿ ಅಜ್ಜನ ಮರದ ಪೈಪ್ ಸಿಕ್ಕಿತು. ಒಳಗೆ ಕರಿ ಕಟ್ಟಿ ಕಿರುಬೆರಳೂ ತೂರುವುದಿಲ್ಲ. ಬಾಯಲ್ಲಿಡುವ ಕಪ್ಪು ಕೊಳವೆ ಪಾಚಿ ಹಿಡಿದ ಹಾಗೆ ಆಗಿದೆ, ತಿರುಗಿಸಿದರೂ ಬಿಚ್ಚಿ ಬರುತ್ತಿಲ್ಲ. ಸೋಪು ಹಾಕಿದ ಬಿಸಿನೀರಲ್ಲಿ ನೆನೆಸಿ, ಆಮೇಲೆ ವಾರ್ನಿಷ್ ಹೊಡಿ ಅಂತಾನೆ ತಮ್ಮ. ಮಾಡಬಹುದಾ? ನಾನು ಸೇದುವವಳಲ್ಲ. ಕಣ್ಣೆದುರು ಇಟ್ಟುಕೊಳ್ಳೋಣ ಅಂತ ಅಷ್ಟೇ.

ಉತ್ತರ: ಮೊದಲು ಪೈಪನ್ನು ನಿಮ್ಮ ತಮ್ಮನ ಕೈಗೆ ಸಿಗದ ಹಾಗೆ ಇಡಿ! ಬಿಸಿನೀರು, ವಾರ್ನಿಷ್ ಎರಡೂ ಬೇಡ.

ಮರದ ಪೈಪುಗಳಲ್ಲಿ ಹೆಚ್ಚಿನವು ಬ್ರಯರ್. ಮೆಡಿಟರೇನಿಯನ್ ಸಮುದ್ರದ ಸುತ್ತ ಬೆಳೆಯುವ ಒಂದು ಪೊದೆಯ ಬೇರುಗಡ್ಡೆ ಅದು. ಬೆಂಕಿ ತಡೆಯುತ್ತದೆ, ಆದರೆ ಗಂಟೆಗಟ್ಟಲೆ ನೆನೆಸಿಟ್ಟರೆ ಉಬ್ಬುತ್ತದೆ. ಕಪ್ಪು ಕೊಳವೆ, ಅಂದರೆ ಸ್ಟೆಮ್, ಬಹುಶಃ ಎಬೊನೈಟ್. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ ವಸ್ತು. ಬೆಳಕು, ಗಾಳಿ ತಾಗಿ ತಾಗಿ ಅದರ ಮೇಲ್ಮೈ ಹಸಿರುಗಂದು ಆಗುತ್ತದೆ. ನೀವು ಪಾಚಿ ಅಂದಿದ್ದು ಅದನ್ನೇ. ಬಿಸಿನೀರಿಗೆ ಹಾಕಿದರೆ ಬಣ್ಣ ಇನ್ನೂ ಕೆಡುತ್ತದೆ. ಬಾಗಿದ ಸ್ಟೆಮ್ ಆಗಿದ್ದರೆ ಮೆತ್ತಗಾಗಿ ನೆಟ್ಟಗಾಗಲು ಹೊರಡುತ್ತದೆ.

ಬಿಚ್ಚಿ ಬಾರದ ಸ್ಟೆಮ್ಮಿಗೆ ಉಪಾಯ ಫ್ರೀಜರ್. ಪೈಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ಗಂಟೆ ಇಡಿ. ತಣ್ಣಗಾದಾಗ ಎಬೊನೈಟ್ ಮರಕ್ಕಿಂತ ಜಾಸ್ತಿ ಕುಗ್ಗುತ್ತದೆ. ಹೊರಗೆ ತೆಗೆದ ತಕ್ಷಣ ಮೆಲ್ಲಗೆ, ಒಂದೇ ದಿಕ್ಕಿಗೆ ತಿರುಗಿಸಿ. ಅಲುಗಾಡಿಸಿ ಎಳೆಯಬೇಡಿ, ಒಳಗಿನ ಮೊಳೆಯಂಥ ತುದಿ ಮುರಿಯುತ್ತದೆ. ಬರಲಿಲ್ಲವಾ, ಇನ್ನೊಂದು ಸಲ ಫ್ರೀಜರ್.

ಬೌಲಿನೊಳಗಿನ, ಅಂದರೆ ತಂಬಾಕು ತುಂಬುವ ಗುಳಿಯೊಳಗಿನ, ಕರಿಗೆ ಚಾಕು ಹಾಕಬೇಡಿ. ಚಾಕುವಿನ ಮೊನೆ ಮರವನ್ನೇ ಕೆತ್ತಿಬಿಡುತ್ತದೆ. ಪೆನ್ಸಿಲಿಗೆ ಸ್ಯಾಂಡ್‌ಪೇಪರ್ ಸುತ್ತಿ ಸುಮ್ನೆ ತಿರುಗಿಸುತ್ತಾ ಹೋಗಿ. ಸೇದುವವರು ಸುಮಾರು ಒಂದು ಮಿಲಿಮೀಟರ್ ಕರಿ ಉಳಿಸಿಕೊಳ್ಳುತ್ತಾರೆ, ಮರ ಸುಡದಿರಲಿ ಅಂತ. ಜಾಸ್ತಿ ದಪ್ಪ ಆದರೆ ಬಿಸಿಗೆ ಹಿಗ್ಗಿ ಬೌಲೇ ಸೀಳಬಹುದು. ನಿಮಗೆ ಆ ಲೆಕ್ಕ ಬೇಕಿಲ್ಲ. ಮರ ಕಾಣಿಸಿದ ಕಡೆ ನಿಲ್ಲಿಸಿದರೆ ಸಾಕು.

ಇಷ್ಟಾದರೂ ಟ್ರಂಕಿನ ಕಮಟು ವಾಸನೆ ಹೋಗುವುದಿಲ್ಲ. ಇದಕ್ಕೊಂದು ಕೆಲಸ ಇದೆ, ನನಗೆ ತುಂಬಾ ಇಷ್ಟವಾದದ್ದು. ಹೊಗೆ ಹೋಗುವ ತೂತಿಗೆ ಪೈಪ್ ಕ್ಲೀನರ್ (ನೂಲು ಸುತ್ತಿದ ತೆಳು ತಂತಿ) ತುರುಕಿ, ಬೌಲಿನಲ್ಲಿ ಹತ್ತಿ ತುಂಬಿ. ಡ್ರಾಪರಿನಿಂದ ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಹನಿಯಾಗಿ ಬಿಡಿ, ಹತ್ತಿ ಒದ್ದೆಯಾಗುವಷ್ಟು. ಹೊರಮೈಗೆ ಒಂದು ಹನಿಯೂ ತಾಗಬಾರದು, ಬಣ್ಣ ಕರಗುತ್ತದೆ. ಹತ್ತಿರದಲ್ಲಿ ಬೆಂಕಿ ಇರಬಾರದು. ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಬಿಳಿ ಹತ್ತಿ ಕಡುಗಂದು ಆಗಿರುತ್ತದೆ, ಅಂಚಿನಲ್ಲಿ ಟಾರಿನಂಥ ಅಂಟು. ಹೊಸ ಹತ್ತಿ ಹಾಕಿ, ಮತ್ತೊಂದು ರಾತ್ರಿ. ನನ್ನ ಕೈಗೆ ಬಂದ ಒಂದು ಪೈಪಿಗೆ ಐದು ರಾತ್ರಿ ಹಿಡಿಯಿತು. ಐದನೇ ಬೆಳಗ್ಗೆ ಹತ್ತಿ ತಿಳಿಹಳದಿಯಾಗಿ ಬಂತು. ನಾನು ಸೇದುವುದು ಬಿಟ್ಟು ವರ್ಷಗಳಾದವು, ಆದರೂ ಆ ಹತ್ತಿ ನೋಡಿ ಎದೆ ಮುಟ್ಟಿಕೊಂಡೆ. ಇದೆಲ್ಲ ಶ್ವಾಸಕೋಶಕ್ಕೆ ಹೋಗುತ್ತಿತ್ತಲ್ವಾ ಅಂತ. (ಪೈಪ್ ಮರದ್ದಲ್ಲದೆ ಹಗುರವಾದ ಬಿಳಿ ಕಲ್ಲಿನದಾಗಿದ್ದರೆ ಅದು ಮೀರ್‌ಶಾಮ್. ಅದಕ್ಕೆ ಈ ಉಪಚಾರ ಬೇಡವೇ ಬೇಡ.)

ಸ್ಟೆಮ್ಮಿನ ಪಾಚಿಗೆ ನೀರು ಹಚ್ಚಿದ ಸ್ಯಾಂಡ್‌ಪೇಪರ್. 400 ನಂಬರಿನಿಂದ ಶುರು ಮಾಡಿ 600, 1000, 2000; ನಂಬರ್ ಏರಿದಷ್ಟೂ ಪೇಪರ್ ನುಣುಪು. ಉಜ್ಜುವಾಗ ಗಂಧಕದ ವಾಸನೆ ಬಂದರೆ ಎಬೊನೈಟೇ ಅಂತ ಖಾತ್ರಿ. ತಣ್ಣೀರು ಸ್ವಲ್ಪ ತಾಗಿದರೆ ಪರವಾಗಿಲ್ಲ. ಕೊನೆಗೆ ಹತ್ತಿಬಟ್ಟೆಯಿಂದ ಒರೆಸಿ.

ಒಂದು ಜಾಗಕ್ಕೆ ಮಾತ್ರ ಸ್ಯಾಂಡ್‌ಪೇಪರ್ ತಾಗಿಸಬೇಡಿ. ಸ್ಟೆಮ್ ಸೇರುವ ಮರದ ಭಾಗದಲ್ಲಿ, ಪಕ್ಕಕ್ಕೋ ಅಡಿಗೋ, ತಯಾರಿಸಿದವರ ಹೆಸರು ಒತ್ತಿರುತ್ತಾರೆ. ನನ್ನ ಮೊದಲ ಪೈಪಿನಲ್ಲಿ ಅದು ಕೊಳೆಯಂತೆ ಕಂಡಿತು. ಹತ್ತು ನಿಮಿಷ ಶ್ರದ್ಧೆಯಿಂದ ಉಜ್ಜಿದೆ. ಕೊನೆಯ ಎರಡಕ್ಷರ ಉಳಿದಾಗ ಅದು ಕೊಳೆಯಲ್ಲ ಅಂತ ಗೊತ್ತಾಯಿತು. ಆ ಪೈಪ್ ಇವತ್ತಿಗೂ ಥಳಥಳ ಹೊಳೆಯುತ್ತದೆ, ಯಾರು ಮಾಡಿದ್ದು ಅಂತ ಮಾತ್ರ ಗೊತ್ತಿಲ್ಲ.

ಸ್ಟೆಮ್ಮಿನ ತುದಿಯಲ್ಲಿ ಹಲ್ಲಿನ ಗುರುತಿದ್ದರೆ ಲೈಟರಿನ ಜ್ವಾಲೆ ಮೇಲೆ ಆಡಿಸಿ ಉಬ್ಬಿಸುವವರಿದ್ದಾರೆ. ಉಬ್ಬುತ್ತದೆ, ನಿಜ. ನಾನಾದರೆ ಮುಟ್ಟುವುದಿಲ್ಲ. ಎಡಗಡೆ ಗುರುತು ಆಳವಾಗಿದ್ದರೆ ಅಜ್ಜ ಎಡದವಡೆಯಲ್ಲಿ ಕಚ್ಚಿಕೊಂಡು ಕೂರುತ್ತಿದ್ದರು ಅಂತ ಲೆಕ್ಕ. ಹಾಗೆ ಕೂತ ಫೋಟೋ ಮನೆಯಲ್ಲಿದ್ದರೆ ತೆಗೆದು ನೋಡಿ.

ವಾರ್ನಿಷ್ ಬದಲು ಕಾರ್ನೌಬಾ ಮೇಣ ತೆಳ್ಳಗೆ ಹಚ್ಚಿ, ಮೆತ್ತನೆ ಬಟ್ಟೆಯಲ್ಲಿ ತಿಕ್ಕಿ. ಮರದ ಗೆರೆಗಳು ತಾವೇ ಎದ್ದು ಬರುತ್ತವೆ. ಆಮೇಲೆ ಎಲ್ಲಿ ಬೇಕಾದರೂ ಇಡಿ, ಕಿಟಕಿ ಪಕ್ಕ ಒಂದು ಬಿಟ್ಟು. ಬಿಸಿಲು ಬಿದ್ದರೆ ಸ್ಟೆಮ್ಮಿಗೆ ಮತ್ತೆ ಪಾಚಿ.